ಟೇಬಲ್ ಅಂಕಲ್ ಮತ್ತು ಕೊನೆಯ ಐದು ಸೆಕೆಂಡು

ಬಲಗಿವಿಯ ಹಿಂದೆ ಕೆಂಪು ಪೆನ್ನು, ಎಡಗಿವಿಯ ಹಿಂದೆ ನೀಲಿ ಪೆನ್ನು. ಬಾಸ್ಕೆಟ್‌ಬಾಲ್ ಪಂದ್ಯದ ಮೊದಲ ಮತ್ತು ಮೂರನೆಯ ಕ್ವಾರ್ಟರನ್ನು ಕೆಂಪಿನಲ್ಲಿ, ಉಳಿದೆರಡನ್ನು ನೀಲಿಯಲ್ಲಿ ಬರೆಯಬೇಕೆಂಬುದು ಸ್ಕೋರ್‌ಶೀಟಿನ ನಿಯಮ. ಮುಚ್ಚಳ ಹಾಕುವ ಅಭ್ಯಾಸವಿಲ್ಲದ ಕಾರಣ ಅವರ ನರೆಗೂದಲಿಗೆ ಎರಡೂ ಬದಿ ಎರಡು ಬಣ್ಣ. ಅಂಕಣದ ಅಂಚಿನ ಮೇಜಿನಲ್ಲಿ ಕೂತು ಅಂಕ ಬರೆಯುತ್ತಿದ್ದುದರಿಂದ ದೋಹಾದ ಕಾಲೇಜು ಹುಡುಗಿಯರಿಗೆಲ್ಲ ಅವರು ಟೇಬಲ್ ಅಂಕಲ್.

ಬಂಟ್ವಾಳದ ಕಡೆಯ ಬ್ಯಾರಿ. ದೋಹಾದಾಚೆ ಗ್ಯಾಸ್ ಸ್ಥಾವರಗಳಿರುವ ರಾಸ್ ಲಫಾನ್‌ನಲ್ಲಿ ಯಾವುದೋ ಕಂಟ್ರಾಕ್ಟ್ ಕಂಪೆನಿಯ ಸ್ಟೋರಿನಲ್ಲಿ ಶಿಫ್ಟ್ ಕೆಲಸ. ಬಾಸ್ಕೆಟ್‌ಬಾಲ್ ಆಡಿದವರೇ ಅಲ್ಲ. ಗೆಳೆಯನ ಮಗಳ ಪಂದ್ಯ ನೋಡಲು ಬಂದಿದ್ದಾಗ ಬರೆಯುವವರಿಲ್ಲವೆಂದು ಯಾರೋ ಕೈಗೆ ಪೆನ್ನು ಕೊಟ್ಟರಂತೆ. ಆಮೇಲೆ ಪರೀಕ್ಷೆ ಕಟ್ಟಿ ಲೈಸೆನ್ಸನ್ನೂ ಪಡೆದರು. ರಜೆಯ ದಿನ ಮಲಗುವುದು ಬಿಟ್ಟು ಇಲ್ಲಿಗೆ ಬರುತ್ತೀರಲ್ಲ ಎಂದರೆ, "ರೂಮಿನಲ್ಲಿ ಎಂತ ಉಂಟು? ನಾಲ್ಕು ಜನರ ಗೊರಕೆ" ಎನ್ನುತ್ತಿದ್ದರು.

ನಾನು ಹತ್ತನೆಯವರೆಗೆ ಉಡುಪಿಯಲ್ಲಿ ಓದಿ, ಅಪ್ಪನ ಕೆಲಸದ ಬೆನ್ನಿಗೆ ದೋಹಾಕ್ಕೆ ಬಂದವಳು. ಕಾಲೇಜಿನ ಎರಡನೆಯ ವರ್ಷ ಮೊಣಕಾಲು ಕೆಟ್ಟು ತಂಡದಿಂದ ಹೊರಬಿದ್ದಾಗ, ಸುಮ್ಮನೆ ಅಳುತ್ತ ಕೂರುವ ಬದಲು ಗಡಿಯಾರ ನೋಡಿಕೊಳ್ಳುವುದನ್ನಾದರೂ ಕಲಿ ಎಂದು ಕೋಚ್ ನನ್ನನ್ನು ಅವರ ಪಕ್ಕ ಕೂರಿಸಿದರು. ಮೊದಲ ದಿನವೇ ನಮ್ಮವರು ಬುಟ್ಟಿಗೆ ಹಾಕಿದಾಗ ಚಪ್ಪಾಳೆ ತಟ್ಟಿದೆ. ಅವರು ಬರೆಯುವುದನ್ನು ನಿಲ್ಲಿಸಲಿಲ್ಲ.

"ಚಪ್ಪಾಳೆ ಹೊಡೀಲಿಕ್ಕೆ ಅಗೋ, ಗ್ಯಾಲರಿ ಉಂಟು. ಇಲ್ಲಿ ಕೂತವರಿಗೆ ಊರೂ ಇಲ್ಲ, ಕಾಲೇಜೂ ಇಲ್ಲ. ಚೆಂಡು ನೋಡ್ಲಿಕ್ಕೆ ಅಷ್ಟು ಜನ ಇದ್ದಾರಲ್ಲ ಮಾರಾಯ್ತಿ, ನೀನು ರೆಫರಿಯ ಕೈ ನೋಡು."

ರೆಫರಿಯ ಕೈ ನೋಡಿ ಗಡಿಯಾರ ಓಡಿಸಬೇಕು, ನಿಲ್ಲಿಸಬೇಕು. ಹಾರ್ನಿಗೆ ಮಾತ್ರ ಅವರು ತಮ್ಮದೇ ಒಂದು ಪದ್ಧತಿ ಮಾಡಿದ್ದರು. ಟೈಮ್‌ಔಟ್ ಮುಗಿದಾಗ ತಲೆಯೆತ್ತದೆ "ಖಲಾಸ್" ಎನ್ನುವರು, ನಾನು ಗುಂಡಿ ಒತ್ತುವೆ. ಒಂದಿಡೀ ಸೀಸನ್ ಹೀಗೇ ನಡೆಯಿತು. ಆ ಶಬ್ದ ನನ್ನ ಕಿವಿಯಿಂದ ಮೆದುಳಿಗೆ ಹೋಗುವುದನ್ನೇ ಬಿಟ್ಟು ನೇರ ಬೆರಳಿಗೆ ಹೋಗುತ್ತಿತ್ತು. ಚಹಾ ಮುಗಿದರೂ, ಮದುವೆ ಮುರಿದರೂ ಖಲಾಸ್ ಎನ್ನುವ ಊರಿದು ಎಂಬುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಸೀಸನ್ ಮುಗಿದ ಮೇಲೆ ಮೇಲಿನ ನಾಲ್ಕು ಕಾಲೇಜುಗಳಿಗೆ ಮೂರು ದಿನದ ಚಾಂಪಿಯನ್‌ಶಿಪ್. ವರ್ಷವಿಡೀ ಗೆದ್ದದ್ದು ಒಂದು ತೂಕ, ಆ ಮೂರು ದಿನ ಗೆದ್ದದ್ದು ಇನ್ನೊಂದು ತೂಕ. ನಮ್ಮ ಕಾಲೇಜು ಫೈನಲಿಗೆ ಬಂತು. ಅಂದು ಬರಬೇಕಿದ್ದ ಟೈಮರ್‌ಗೆ ಜ್ವರ. ಆಡುವ ಕಾಲೇಜಿನ ಹುಡುಗಿಯನ್ನೇ ಗಡಿಯಾರಕ್ಕೆ ಕೂರಿಸುವುದು ಹೇಗೆ ಎಂದು ಎದುರಾಳಿ ಕೋಚ್ ತಕರಾರು ತೆಗೆದರು. ಅಂಕಲ್ ಎದ್ದು ನಿಂತು, "ಇವಳಿಗೆ ನಾನು ಜವಾಬು" ಎಂದು ತಮ್ಮ ಹರಕು ಇಂಗ್ಲಿಷಿನಲ್ಲಿ ಹೇಳಿದರು. ಅವರ ಮಾತೆಂದರೆ ಮಾತು. ಒಪ್ಪಿಕೊಂಡರು.

ಕೊನೆಯ ಐದು ಸೆಕೆಂಡು. ನಾವು ಒಂದು ಅಂಕ ಮುಂದೆ. ಆಗ ಎದುರಾಳಿ ಹುಡುಗಿಯೊಬ್ಬಳು ಚೆಂಡು ಕಸಿದು ಒಬ್ಬಳೇ ಓಡಿದಳು. ಮುಂದೆ ತಡೆಯುವವರು ಯಾರೂ ಇಲ್ಲ. ಪಕ್ಕದ ಬೆಂಚಿನಿಂದ ನಮ್ಮ ಕೋಚ್ ಹಣೆ ಚಚ್ಚಿಕೊಂಡು, "ಖಲಾಸ್!" ಎಂದರು, ಸೋತೆವು ಎಂಬ ಅರ್ಥದಲ್ಲಿ.

ನನ್ನ ಬೆರಳು ಗುಂಡಿ ಒತ್ತಿತು.

ಹಾರ್ನಿಗೆ ಆ ಹುಡುಗಿ ಗಕ್ಕನೆ ನಿಂತಳು, ಚೆಂಡು ಕೈಯಲ್ಲೇ. ಗಡಿಯಾರದಲ್ಲಿ ಇನ್ನೂ ಮೂರು ಸೆಕೆಂಡು ಇತ್ತು. ರೆಫರಿ ಮೇಜಿನತ್ತ ಓಡಿ ಬಂದರು. ಅಂಕಲ್ ಎದ್ದರು.

"ಮೈ ಮಿಸ್ಟೇಕ್ ಸರ್. ನಾನು ಒತ್ತು ಅಂದೆ, ಅವಳು ಒತ್ತಿದಳು."

ಪಕ್ಕದ ಗೆರೆಯಿಂದ ಚೆಂಡನ್ನು ಮತ್ತೆ ಎದುರಾಳಿಗಳಿಗೇ ಕೊಟ್ಟರು. ಅಷ್ಟರಲ್ಲಿ ನಮ್ಮವರೆಲ್ಲ ಹಿಂದೆ ಬಂದು ಗೋಡೆ ಕಟ್ಟಿದ್ದರು. ಅವಳ ಎಸೆತ ರಿಂಗಿಗೆ ಬಡಿದು ಆಚೆ ಬಿತ್ತು. ಗೆದ್ದೆವು. ಕಪ್ ಹಿಡಿದ ಫೋಟೋದಲ್ಲಿ ನಾನೂ ಇದ್ದೇನೆ. ಆ ಫೋಟೋವನ್ನು ನಾನು ಎಲ್ಲೂ ಹಾಕಿಲ್ಲ.

ತನ್ನ ಊರಿನ ಕಡೆಯವಳ ಕಾಲೇಜಿಗಾಗಿ ಮುದುಕ ಬೇಕೆಂದೇ ಮಾಡಿದ ಎಂಬ ಮಾತು ಎದ್ದಿತು. ಮುಂದಿನ ಸೀಸನ್ನಿಗೆ ಅವರನ್ನು ಕರೆಯಲಿಲ್ಲ. ನಾನು ಹಳೆಯ ಪೇಟೆ ಸೂಕ್ ವಾಕಿಫ್‌ನ ಚಹಾದಂಗಡಿಯೊಂದಕ್ಕೆ ಅವರನ್ನು ಕರೆದು, ಕಮಿಟಿಗೆ ನಿಜ ಹೇಳುತ್ತೇನೆಂದೆ.

"ಹೇಳಿ ಎಂತ ಮಾಡ್ತೀ? ನನ್ನನ್ನು ಹೇಗೂ ತೆಗೆದಾಯ್ತು. ಇನ್ನು ನಿನ್ನನ್ನು ಕಳ್ಳಿ ಅಂತಾರೆ. ನಾನು ಎರಡು ವರ್ಷದಲ್ಲಿ ವೀಸಾ ಕ್ಯಾನ್ಸಲ್ ಮಾಡಿ ಊರಿಗೆ ಹೋಗುವವ. ನಿನಗೆ ಇಲ್ಲಿ ಇನ್ನೂ ಆಡ್ಲಿಕ್ಕೆ ಉಂಟು. ಚಾ ಕುಡಿ, ತಣೀತದೆ."

"ಆದರೆ ಅಂಕಲ್, ನೀವು ಒತ್ತು ಅನ್ನಲೇ ಇಲ್ಲವಲ್ಲ."

"ಆ ಶಬ್ದ ನಿನ್ನ ಬೆರಳಿಗೆ ಕಲಿಸಿದವ ಯಾರು?"

ನಾನು ಚಹಾ ಕುಡಿದೆ. ಸುಳ್ಳೇಕೆ ಹೇಳಲಿ, ಆಗ ನನಗಾದದ್ದು ದುಃಖವಲ್ಲ, ನಿರಾಳ. ಮರುವರ್ಷ ಮೊಣಕಾಲು ಗುಣವಾಗಿ, ಮತ್ತೆ ತಂಡದಲ್ಲಿ ಆಡಿದೆ. ಮೇಜಿನಲ್ಲಿ ಬೇರೆ ಯಾರೋ ಕೂತಿದ್ದರು. ಅತ್ತ ನೋಡದೆ ಆಡುವುದನ್ನು ರೂಢಿ ಮಾಡಿಕೊಂಡೆ.

ಅವರು ಹೇಳಿದಂತೆಯೇ ಊರಿಗೆ ಹೋದರು. ಹಬ್ಬಕ್ಕೊಂದು ಮೆಸೇಜು ಬರುತ್ತಿತ್ತು, ಕೊನೆಯಲ್ಲಿ ಯಾವಾಗಲೂ "ಮೊಣಕಾಲು ಹೇಗುಂಟು?" ಹೋದ ತಿಂಗಳು ಅವರ ನಂಬರಿನಿಂದಲೇ ಮಗಳು ಬರೆದಳು: ಅಪ್ಪ ತೀರಿಹೋದರು. ನಾನು ಕೂಡಲೇ ಫೋನ್ ಮಾಡಿದೆ. ದೋಹಾದಲ್ಲಿ ಅವರ ಜೊತೆ ಮೇಜಿನಲ್ಲಿ ಕೂರುತ್ತಿದ್ದವಳು ಎಂದೆ.

"ಓ, ನೀವಾ? ನಿಮ್ಮ ಸುದ್ದಿ ಹೇಳ್ತಿದ್ರು. ಒಂದು ಫೈನಲಿನಲ್ಲಿ ತನ್ನಿಂದ ದೊಡ್ಡ ತಪ್ಪಾಯ್ತು, ಪಾಪ ಪಕ್ಕದಲ್ಲಿದ್ದ ಮಗುವಿಗೂ ಬೈಗುಳ ಬೀಳ್ತಿತ್ತು ಅಂತ. ಉಮ್ಮನಿಗೆ ಅದೇ ಬೇಜಾರು, ಇಷ್ಟು ವರ್ಷ ದುಡಿದು ಕೆಟ್ಟ ಹೆಸರು ತಗೊಂಡು ಬಂದ್ರಲ್ಲ ಅಂತ."

ನಿಜವನ್ನು ಅವರು ಹೆಂಡತಿ, ಮಗಳಿಗೂ ಹೇಳಿರಲಿಲ್ಲ.

"ಅವರದ್ದಲ್ಲ, ತಪ್ಪು ನನ್ನದು" ಎಂದೆ. ನಡೆದದ್ದನ್ನು ಒಂದೇ ಉಸಿರಿಗೆ ಹೇಳಿದೆ. ಬೈಯುತ್ತಾಳೆಂದು ಕಾದೆ.

"ಸ್ವಲ್ಪ ನಿಲ್ಲಿ" ಎಂದಳು. ಬಾಗಿಲು ತೆರೆದ ಸದ್ದು, ಒಳಗೆ ಹೆಂಗಸರ ದನಿ. "ಉಮ್ಮಾ, ಇಲ್ಲಿ ಕೂತ್ಕೊಳ್ಳಿ." ಆಮೇಲೆ ನನಗೆ: "ಸ್ಪೀಕರಿಗೆ ಹಾಕಿದ್ದೇನೆ. ಈಗ ಹೇಳಿದ್ದನ್ನು ಇನ್ನೊಮ್ಮೆ ಹೇಳಿ. ನಿಧಾನಕ್ಕೆ ಹೇಳಿ, ಉಮ್ಮನಿಗೆ ಕಿವಿ ಮಂದ."

ಮೊದಲಿನಿಂದ, ನಿಧಾನವಾಗಿ, ಜೋರಾಗಿ ಹೇಳಿದೆ.