ಕುಷ್ಟಗಿ ಗೆದ್ದರೂ ಗಂಗಾವತಿಯ ಫೋಟೋ

ಕಬಡ್ಡಿಯಲ್ಲಿ ಕುಷ್ಟಗಿ ತಂಡ ಗಂಗಾವತಿ ತಂಡವನ್ನು ಸೋಲಿಸಿದ ಮರುದಿನ ಪೇಪರಿನ ಜಿಲ್ಲಾ ಪುಟದಲ್ಲಿ ಬಂದ ತಲೆಬರಹ ಹೀಗಿತ್ತು: ‘ಗಂಗಾವತಿಗೆ ವೀರೋಚಿತ ಸೋಲು’. ಅದರ ಕೆಳಗೆ ಗಂಗಾವತಿಯ ರೇಡರ್ ತೊಡೆ ತಟ್ಟುತ್ತಿರುವ ದೊಡ್ಡ ಫೋಟೋ. ಗೆದ್ದವರು ಯಾರು ಎಂಬುದನ್ನು ಸುದ್ದಿಯ ಬಾಲದಲ್ಲಿ ಹುಡುಕಿ ತೆಗೆಯಬೇಕಾಗಿತ್ತು. ಓದಿ ನನ್ನ ತಲೆ ಕೆಟ್ಟು ಮೊಸರುಗಡಿಗೆ ಆಯಿತು. ಚಹಾ ಕುಡಿಯುವುದನ್ನೂ ಬಿಟ್ಟು, ಪೇಪರನ್ನು ಕಂಕುಳಲ್ಲಿ ಇಟ್ಟುಕೊಂಡು ಟೇಲರ್ ಭಾಯಿಯ ಅಂಗಡಿಗೆ ಹೊರಟೆ.

ನಾನು ಆಗ ಕೊಪ್ಪಳದಲ್ಲಿ ಲೈನ್‌ಮನ್. ಹುಟ್ಟಿದ್ದು ಕುಷ್ಟಗಿ ತಾಲೂಕಿನ ಒಂದು ಹಳ್ಳಿ, ಸಜ್ಜೆ ರೊಟ್ಟಿ ತಿಂದು ಬೆಳೆದವನು. ಭಾಯಿ ಕೊಪ್ಪಳದವರೇ. ಗಡಿಯಾರ ಕಂಬದ ಹಿಂದಿನ ಓಣಿಯಲ್ಲಿ ಅವರ ಅಪ್ಪನ ಕಾಲದಿಂದ ಇದ್ದ ಹೊಲಿಗೆ ಅಂಗಡಿ. ಆದರೆ ಅವರ ಹೆಂಡತಿಯ ತವರು ಗಂಗಾವತಿ ಹತ್ತಿರದ ಮರಳಿ ಎಂಬ ಹಳ್ಳಿ. ಮಾವನ ಮನೆಯ ಅಕ್ಕಿ ಉಂಡ ಋಣವೋ ಏನೋ, ಕಬಡ್ಡಿಯಲ್ಲಿ ಅವರದು ಗಂಗಾವತಿ, ನನ್ನದು ಕುಷ್ಟಗಿ. ಎರಡೂ ತಂಡಗಳಲ್ಲಿ ಒಬ್ಬೊಬ್ಬ ಸ್ಟಾರ್ ರೇಡರ್ ಇದ್ದ. ಆ ಇಬ್ಬರಲ್ಲಿ ಯಾರು ದೊಡ್ಡವನು ಎಂಬುದು ನಮ್ಮಿಬ್ಬರ ನಡುವೆ ವರ್ಷಗಟ್ಟಲೆ ನಡೆದ ವ್ಯಾಜ್ಯ.

‘ನೋಡ್ರಿ, ಇದು ಪೇಪರೋ ಏನು ಗಂಗಾವತಿಯವರ ಮದುವಿ ಕಾರ್ಡೋ?’ ಎಂದು ನಾನು ಪೇಪರನ್ನು ಅವರ ಮಷೀನಿನ ಮೇಲೆ ಒಗೆದೆ.

ಭಾಯಿ ಕಾಲು ನಿಲ್ಲಿಸಿ, ಕನ್ನಡಕ ಸರಿಮಾಡಿಕೊಂಡು, ಕೊರಳಲ್ಲಿದ್ದ ಟೇಪನ್ನು ತೆಗೆದು ಫೋಟೋದ ಮೇಲೆ ಇಟ್ಟರು. ಉದ್ದ ಅಳೆದರು, ಅಗಲ ಅಳೆದರು. ಆಮೇಲೆ ಮೂಲೆಯಲ್ಲಿದ್ದ ನಮ್ಮ ಕುಷ್ಟಗಿಯವನ ಪಾಸ್‌ಪೋರ್ಟ್ ಸೈಜಿನ ಫೋಟೋ ಅಳೆದರು.

‘ಸಾಹೇಬ್ರ, ನಿಮ್ಮಾಂವ ಒಂದು ಗುಂಡಿ ಕಾಜಿನಷ್ಟ ಬಂದಾನ್ರಿ. ಆದರೂ ಛಲೋ ಐತಿ, ಕೊಳಪಟ್ಟಿಗೆ ಹೊಂದತೈತಿ,’ ಎಂದರು.

‘ಗೆದ್ದಾಂವ ನಮ್ಮಾಂವ ರೀ!’

‘ಗೆಲ್ಲಲಿ ಬಿಡ್ರಿ. ಜನ ನೋಡಾಕ ಬಂದಿದ್ದು ಯಾರನ್ನ? ಮದುವ್ಯಾಗ ಅಡಗಿ ಮಾಡಿದವರ ಫೋಟೋ ತೆಗೀತಾರೇನ್ರಿ, ಮದುಮಗಂದು ತೆಗೀತಾರ.’

ಹೀಗೆ ಶುರುವಾದರೆ ಮುಗಿಯುತ್ತಿರಲಿಲ್ಲ. ನಮ್ಮ ದನಿ ಓಣಿಯ ಆ ತುದಿಯ ಕ್ಷೌರದಂಗಡಿಯವರೆಗೆ ಕೇಳುತ್ತಿತ್ತು. ದಾರಿಯಲ್ಲಿ ಹೋಗುವವರು ಸೈಕಲ್ ನಿಲ್ಲಿಸಿ, ತಮ್ಮದೂ ಒಂದು ಮಾತು ಸೇರಿಸಿ ಮುಂದೆ ಹೋಗುತ್ತಿದ್ದರು. ಜಂಪರ್ ಹೊಲಿಯಲು ಕೊಟ್ಟ ಹೆಂಗಸರು ಬಂದು, ‘ಭಾಯಿ, ನಿಮ್ಮ ಕಬಡ್ಡಿ ಮುಗದ ಮ್ಯಾಲೆ ಬರ್ತೇವಿ’ ಎಂದು ವಾಪಸು ಹೋದದ್ದೂ ಉಂಟು.

ಇಷ್ಟು ವರ್ಷಗಳ ಮೇಲೂ ನನ್ನ ಅಭಿಪ್ರಾಯ ಬದಲಾಗಿಲ್ಲ. ಗಂಗಾವತಿಯವನು ಆನೆಯಂಥ ಆಳು. ಹಿಡಿದ ಮೂವರನ್ನೂ ಎಳೆದುಕೊಂಡೇ ಬಂದು ಗೆರೆ ಮುಟ್ಟುತ್ತಿದ್ದ, ಒಪ್ಪುತ್ತೇನೆ. ಆದರೆ ಅವನ ಆಟದಲ್ಲಿ ಅರ್ಧ ತೊಡೆ ತಟ್ಟುವುದರಲ್ಲಿ, ಇನ್ನರ್ಧ ಮೀಸೆ ತಿರುವುವುದರಲ್ಲಿ ಹೋಗುತ್ತಿತ್ತು. ಕ್ಯಾಮೆರಾದವರಿಗೆ ಬೇಕಾದದ್ದು ಅದೇ. ನಮ್ಮ ಕುಷ್ಟಗಿಯವನು ಒಣಕಲು ಹುಡುಗ. ಎದುರಾಳಿಯ ಅಂಗಳದಲ್ಲಿ ಅವನು ಕೈ ಚಾಚುವುದನ್ನು ನೋಡಿದರೆ, ತಂತಿಯಲ್ಲಿ ಕರೆಂಟು ಇದೆಯೋ ಇಲ್ಲವೋ ಎಂದು ಅನುಮಾನದಲ್ಲಿ ಮುಟ್ಟುವವನ ಹಾಗೆ ಕಾಣುತ್ತಿತ್ತು. ಮುಟ್ಟಿದ್ದು ಮುಟ್ಟಿಸಿಕೊಂಡವನಿಗೂ ಗೊತ್ತಾಗುತ್ತಿರಲಿಲ್ಲ. ಅಂಪೈರ್ ಸೀಟಿ ಊದಿದ ಮೇಲೆ ಔಟಾದವನೇ ‘ನನ್ನ ಯಾವಾಗ ಮುಟ್ಟಿದ?’ ಎಂದು ಕೇಳುತ್ತಿದ್ದ.

ಇಟಗಿಯಲ್ಲಿ ಒಮ್ಮೆ ಟೂರ್ನಮೆಂಟ್ ನಡೆದಾಗ ಮೈಕು ಹಿಡಿದು ಕಾಮೆಂಟ್ರಿ ಹೇಳುವವನೊಬ್ಬ ನನ್ನ ಹೊಟ್ಟೆ ಉರಿಸಿದ್ದ. ಗಂಗಾವತಿಯವನು ಅಂಕ ತಂದರೆ ‘ಎಂಥಾ ಸಾಹಸ!’ ಎನ್ನುವುದು. ನಮ್ಮವನು ಅಂಕ ತಂದರೆ ‘ಅದೃಷ್ಟ ಕೈಹಿಡಿಯಿತು ನೋಡಿ’ ಎನ್ನುವುದು. ಆಟ ಮುಗಿದ ಮೇಲೆ ನಾನು ಹೋಗಿ ಅವನ ಜೊತೆ ಜಗಳ ತೆಗೆದೆ. ಭಾಯಿ ನನ್ನ ತೋಳು ಹಿಡಿದು ಎಳೆದುಕೊಂಡು ಬಂದರು. ದಾರಿಯುದ್ದಕ್ಕೂ, ನಾನು ಬೈಕಿನಲ್ಲಿ ಗೇರು ಬದಲಿಸಿದಾಗಲೆಲ್ಲ ಹಿಂದಿನಿಂದ ‘ಎಂಥಾ ಸಾಹಸ!’ ಎನ್ನುತ್ತಿದ್ದರು.

ಪೇಪರಿನ ವರದಿಗಾರನಿಗೂ ಒಮ್ಮೆ ಭಾಯಿಯ ಎದುರೇ ಫೋನು ಮಾಡಿದ್ದೆ. ಗಂಗಾವತಿಯ ಅಕ್ಕಿ ಗಿರಣಿಯವರು ಪೇಪರಿಗೆ ಜಾಹೀರಾತು ಕೊಡುತ್ತಾರೆ, ಅದಕ್ಕೇ ಗಂಗಾವತಿಯವನ ಫೋಟೋ ಎಂದು ನನ್ನ ವಾದ. ಪಾಪ, ಅವನು ಸಮಾಧಾನದಿಂದಲೇ ಹೇಳಿದ: ‘ಹಂಗೇನಿಲ್ರಿ ಅಣ್ಣಾರ. ನಿಮ್ಮಾಂವ ಕ್ಯಾಮೆರಾ ಕಡಿ ಮುಖಾನ ಮಾಡಂಗಿಲ್ಲ. ರೇಡ್ ಮುಗದ ಕೂಡ್ಲೆ ತಲಿ ತಗ್ಗಿಸಿ ಹೋಗಿಬಿಡ್ತಾನ. ಬೆನ್ನಿನ ಫೋಟೋ ಹಾಕ್ಲೇನು?’ ಫೋನಿನ ದನಿ ಅಂಗಡಿಯಲ್ಲೆಲ್ಲ ಕೇಳಿತು. ಭಾಯಿ ನಕ್ಕ ನಗೆಗೆ ಸೂಜಿಯ ದಾರ ಕಡಿಯಿತು. ವಾರಗಟ್ಟಲೆ ನನ್ನನ್ನು ಕಂಡ ಕೂಡಲೇ ಬೆನ್ನು ತಿರುಗಿಸಿ ನಿಂತು, ‘ಫೋಟೋ ಹೊಡೀರಿ’ ಎನ್ನುತ್ತಿದ್ದರು.

ನಮ್ಮಿಬ್ಬರಲ್ಲಿ ಒಂದು ಪದ್ಧತಿ ಇತ್ತು. ಯಾರ ತಂಡ ಗೆಲ್ಲುತ್ತದೋ ಅವರು ಜಿಲೇಬಿ ತಂದು ಸೋತವರ ಬಾಯಿಗೆ ತುರುಕುವುದು. ಕೈಗೆ ಕೊಡುವ ಹಾಗಿಲ್ಲ, ಬಾಯಿಗೇ. ಸೋತವನು ಬಾಯಿ ಬಿಗಿಹಿಡಿದರೆ ಮೂಗು ಒತ್ತಿ ತಿನ್ನಿಸುವುದು. ಮಕ್ಕಳಾಗಿ ಮೊಮ್ಮಕ್ಕಳಾಗುವ ವಯಸ್ಸಿನ ಇಬ್ಬರು ಗಂಡಸರು ಕೆನ್ನೆಗೆಲ್ಲ ಪಾಕ ಮೆತ್ತಿಕೊಂಡು ನಿಲ್ಲುವುದನ್ನು ನೋಡಲು ಕ್ಷೌರದಂಗಡಿಯಿಂದ ಅರ್ಧ ಗಡ್ಡ ಬೋಳಿಸಿಕೊಂಡವರೂ ಎದ್ದು ಬರುತ್ತಿದ್ದರು. ಆ ದಿನಗಳನ್ನು ನೆನೆದರೆ ಈಗಲೂ ನನಗೆ ನಗು ಬರುತ್ತದೆ. ಅಷ್ಟು ಸುಖವಾಗಿ ನಾನು ಹೆಂಡತಿಯ ಜೊತೆಗೂ ಜಗಳಾಡಿಲ್ಲ.

ಒಂದು ವಿಷಯ ನಾನು ಇಲ್ಲಿಯವರೆಗೆ ಹೇಳಲಿಲ್ಲ, ಯಾಕೆಂದರೆ ನಮ್ಮ ಜಗಳದಲ್ಲಿ ಅದು ಎಂದೂ ಬಂದಿರಲಿಲ್ಲ. ನನ್ನ ಕುಷ್ಟಗಿಯವನು ಮುಸಲ್ಮಾನರ ಹುಡುಗ. ಭಾಯಿಯ ಗಂಗಾವತಿಯವನು ಹಿಂದೂ. ನಮಗೆ ಇದು ಗೊತ್ತಿರಲಿಲ್ಲ ಎಂದಲ್ಲ, ಹೆಸರು ಕೇಳಿದರೆ ಗೊತ್ತಾಗುವಂಥದ್ದೇ. ಆದರೆ ಬೋನಸ್ ಅಂಕದ ಮಾತು ನಡೆದಾಗ ಅದನ್ನು ಯಾರು ಕೇಳುತ್ತಾರೆ?

ಕೇಳುವವರು ಬಂದರು. ಯಲಬುರ್ಗಾದಲ್ಲಿ ಒಂದು ದೊಡ್ಡ ಟೂರ್ನಮೆಂಟಿನ ಫೈನಲ್‌ಗೆ ಈ ಎರಡೂ ತಂಡಗಳು ಬಂದು ನಿಂತಿದ್ದವು. ಅದಕ್ಕೆ ಕೆಲವು ದಿನ ಮುಂಚೆ ಎಲ್ಲರ ಫೋನಿಗೂ ಒಂದು ವಿಡಿಯೋ ಬಂತು. ಫೋನಿನಲ್ಲಷ್ಟೇ ಇರುವ ಯಾವುದೋ ಹೊಸ ಚಾನೆಲ್ಲಿನದು. ಇಬ್ಬರು ರೇಡರ್‌ಗಳ ಮುಖ, ನಡುವೆ ಬೆಂಕಿ, ಒಬ್ಬನ ಹಿಂದೆ ಒಂದು ಬಣ್ಣ, ಇನ್ನೊಬ್ಬನ ಹಿಂದೆ ಇನ್ನೊಂದು ಬಣ್ಣ. ‘ಯಾರು ಯಾರಿಗೆ ಪಾಠ ಕಲಿಸ್ತಾರೆ?’ ಎಂದು ಕೆಳಗೆ ದಪ್ಪ ಅಕ್ಷರ. ಬಾಯಿಬಿಟ್ಟು ಏನೂ ಹೇಳಿರಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ.

ನಾನು ಅದನ್ನು ಭಾಯಿಗೆ ತೋರಿಸಿ, ‘ಇವರ ಬಾಯಾಗ ಮಣ್ಣ ಹಾಕ’ ಎಂದು ಬೈದೆ. ಭಾಯಿ ಒಮ್ಮೆ ನೋಡಿ ಫೋನನ್ನು ವಾಪಸು ಕೊಟ್ಟರು. ‘ಬೆಂಕಿ ಛಲೋ ತಗದಾರ,’ ಎಂದಷ್ಟೇ ಹೇಳಿ ಮಷೀನು ತುಳಿಯತೊಡಗಿದರು.

ಫೈನಲ್‌ಗೆ ನಾವಿಬ್ಬರೂ ನನ್ನ ಬೈಕಿನಲ್ಲೇ ಹೋದೆವು. ಸಂಜೆಯ ಆಟ. ಜನ ಇರುವೆ ಮುತ್ತಿದಂತೆ ಮುತ್ತಿದ್ದರು. ವಿರಾಮದ ಹೊತ್ತಿಗೆ ಗಂಗಾವತಿ ಮುಂದಿತ್ತು. ಭಾಯಿಗೆ ಎಷ್ಟು ಧೈರ್ಯ ಬಂತೆಂದರೆ ಎದ್ದು ಹೋಗಿ ಜಿಲೇಬಿ ಕಟ್ಟಿಸಿಕೊಂಡೇ ಬಂದರು. ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು, ‘ಮೂಗು ತೊಳಕೊಂಡು ಬರ್ರಿ ಸಾಹೇಬ್ರ’ ಎಂದು ಚುಡಾಯಿಸಿದರು. ಅವರ ಬಾಯಿಂದ ನಾನು ಕೇಳಿದ ಆ ಥರದ ಕೊನೆಯ ಮಾತು ಅದೇ ಎಂದು ಬಹಳ ದಿನ ಅಂದುಕೊಂಡಿದ್ದೆ.

ಕೊನೆಯ ರೇಡಿನಲ್ಲಿ ಗಂಗಾವತಿಯವನು ಇಬ್ಬರನ್ನು ಎಳೆದುಕೊಂಡು ಬಂದು ಗೆರೆ ಮುಟ್ಟಿ ಆಟ ಗೆದ್ದ. ಭಾಯಿ ಎರಡೂ ಕೈ ಮೇಲೆತ್ತಿ ಎದ್ದು ನಿಂತರು. ಅಷ್ಟರಲ್ಲಿ ನಮ್ಮ ಮುಂದಿನ ಸಾಲಿನ ಒಂದಷ್ಟು ಹುಡುಗರು ತಿರುಗಿ ಅವರ ಟೊಪ್ಪಿಗೆ ನೋಡಿದರು, ಗಡ್ಡ ನೋಡಿದರು.

‘ಯಾಕ ಚಾಚಾ, ಎದ್ದ ನಿಂತ್ರಿ? ನಿಮ್ಮಾಂವ ಸೋತಾನ! ಕುಂದರ್ರಿ, ಕುಂದರ್ರಿ!’

ಸುತ್ತಲಿನವರು ನಕ್ಕರು. ಹುಡುಗರು ಅವರ ಮುಖದೆದುರೇ ತೊಡೆ ತಟ್ಟಿ ಸೀಟಿ ಹೊಡೆದರು. ‘ಏ, ಅವರು ಗಂಗಾವತಿ ಕಡೆಯವರಪ್ಪಾ, ಸೋತಾಂವ ನಾನು!’ ಎಂದು ನಾನು ಕೂಗಿದೆ. ಒಬ್ಬನೂ ಕಿವಿಗೆ ಹಾಕಿಕೊಳ್ಳಲಿಲ್ಲ. ನನ್ನನ್ನು ನೋಡಿ, ತಮ್ಮವನೇ ಎಂದು ತಿಳಿದು, ಒಬ್ಬ ನನ್ನ ಬೆನ್ನು ಚಪ್ಪರಿಸಿ ಅಭಿನಂದನೆಯನ್ನೂ ಹೇಳಿದ. ಭಾಯಿ ಎತ್ತಿದ ಕೈ ಇಳಿಸಿ ಕುಳಿತರು.

ವರ್ಷಗಟ್ಟಲೆ ಬೆಂಬಲಿಸಿದ ಆಟಗಾರ ಅವರ ಕಣ್ಣೆದುರೇ ಗೆದ್ದಿದ್ದ. ಆ ಗೆಲುವಿನ ಖುಷಿ ಪಡಲು ಅವರಿಗೆ ಅಲ್ಲಿ ಜಾಗವಿರಲಿಲ್ಲ. ಕೊಪ್ಪಳದಲ್ಲಿ ಇಳಿದ ಮೇಲೆ ಪೊಟ್ಟಣವನ್ನು ನನ್ನ ಕೈಗೆ ಕೊಟ್ಟು, ‘ಮನಿಗೆ ಒಯ್ರಿ, ಹುಡುಗ್ರು ತಿಂತಾವ’ ಎಂದರು. ಬಾಯಿಗಲ್ಲ, ಕೈಗೆ. ನನಗೆ ಅಳು ಬಂತು. ನಮ್ಮ ತಂಡ ಸೋತದ್ದಕ್ಕಲ್ಲ ಎಂದು ಹೇಳಬೇಕಾಗಿಲ್ಲ.

ಅಂದಿನಿಂದ ಭಾಯಿ ಜಗಳ ನಿಲ್ಲಿಸಿದರು. ನಾನು ಪೇಪರು ತೆಗೆದುಕೊಂಡು ಹೋಗುವುದನ್ನು ಬಿಡಲಿಲ್ಲ. ಬೇಕೆಂದೇ ಅವರ ಆಟಗಾರನನ್ನು ಬೈದೆ. ‘ಅದು ಆಟ ಅಲ್ರಿ, ದನ ಎಳಿಯೋದು’ ಅಂದೆ. ಮೊದಲಾಗಿದ್ದರೆ ಕತ್ತರಿ ಎತ್ತಿಕೊಂಡು ಎದ್ದು ಬರುತ್ತಿದ್ದರು. ಈಗ ‘ಹೌದ್ರಿ ಸಾಹೇಬ್ರ, ನೀವು ಹೇಳೋದೂ ಖರೆ ಐತಿ’ ಎಂದು ಗುಂಡಿ ಹಚ್ಚತೊಡಗಿದರು. ಅವರು ಒಪ್ಪಿಕೊಂಡಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಒಂದು ದಿನ ತಡೆಯಲಾರದೆ, ‘ನನ್ನ ಮ್ಯಾಲೆ ಸಿಟ್ಟೇನ್ರಿ?’ ಎಂದು ಕೇಳಿಯೇಬಿಟ್ಟೆ.

‘ನಿಮ್ಮ ಮ್ಯಾಲೆ ಯಾಕ ಸಿಟ್ಟು ಮಾಡ್ಲಿ,’ ಎಂದರು ದನಿ ಇಳಿಸಿ. ‘ನೀವು ಕೂಗ್ಯಾಡಿದ್ರ ಅದು ಕಬಡ್ಡಿ ಜಗಳ ಆಕ್ಕೈತಿ. ನಾ ಕೂಗ್ಯಾಡಿದ್ರ ಕೇಳಾವ್ರು ಬ್ಯಾರೆ ಏನೋ ಕೇಳ್ತಾರ. ನಿಮ್ಮಾಂವ ಛಲೋ ಅಂದ್ರ, ನೋಡು ತನ್ನವನ್ನ ಹೊಗಳ್ತಾನ ಅಂತಾರ. ನಮ್ಮಾಂವ ಛಲೋ ಅಂದ್ರ, ಅಂಜಿ ಹೇಳ್ತಾನ ಅಂತಾರ. ನಾ ಏನ್ ಮಾತಾಡ್ಲಿ ಹೇಳ್ರಿ?’

ಹಳೆಯ ಪೇಪರು ಪಕ್ಷಪಾತಿಯೇ, ಈಗಲೂ ಹೇಳುತ್ತೇನೆ. ಆದರೆ ಅದು ನನ್ನ ಆಟಗಾರನನ್ನು ಸಣ್ಣವನನ್ನಾಗಿ ಮಾಡಿದಾಗ ಟೇಪು ಹಿಡಿದು ಅಳೆದು ಬೈಯಬಹುದಿತ್ತು. ಆ ವಿಡಿಯೋ ಭಾಯಿಯ ಆಟಗಾರನನ್ನೇ ಅವರ ಕೈಯಿಂದ ಕಸಿದುಕೊಂಡು, ಇಗೋ ನಿನ್ನವನು ಇವನು ಎಂದು ಬೇರೊಬ್ಬನನ್ನು ಕೊಟ್ಟುಹೋಯಿತು. ಇದನ್ನು ಯಾವ ವರದಿಗಾರನಿಗೆ ಫೋನು ಮಾಡಿ ಕೇಳುವುದು?

ಈಗ ಆ ಇಬ್ಬರೂ ಆಟ ಬಿಟ್ಟಿದ್ದಾರೆ. ನಾನು ನಿವೃತ್ತನಾಗಿದ್ದೇನೆ. ನನ್ನ ಫೋನಿಗೆ ನನ್ನ ರುಚಿ ಗೊತ್ತಾಗಿದೆ. ಬೆಳಗಾದರೆ ಕುಷ್ಟಗಿಯವನ ಹಳೆಯ ರೇಡುಗಳನ್ನೇ ತಂದು ತೋರಿಸುತ್ತದೆ, ಕೆಳಗೆ ನೂರಾರು ಜನ ಅವನೇ ದೊಡ್ಡವನು ಎಂದು ಬರೆದಿರುತ್ತಾರೆ. ನಾನು ಬಯಸಿದ್ದೂ ಇದನ್ನೇ ಅಲ್ಲವೇ? ಒಬ್ಬನೇ ಕೂತು ನೋಡುತ್ತೇನೆ, ಸ್ವಲ್ಪ ಹೊತ್ತಿಗೆ ಬೇಸರ ಬರುತ್ತದೆ.

ಹೋದ ತಿಂಗಳು ಒಂದು ಮಧ್ಯಾಹ್ನ ಭಾಯಿಯ ಅಂಗಡಿಗೆ ಹೋದೆ. ರೆಡಿಮೇಡ್ ಬಂದ ಮೇಲೆ ಕೆಲಸ ಕಡಿಮೆ, ಹರಿದದ್ದು ಹೊಲಿಯುವುದು, ಉದ್ದದ್ದು ಗಿಡ್ಡ ಮಾಡುವುದು. ಓಣಿಯಲ್ಲಿ ಬಿಸಿಲಿಗೆ ಯಾರೂ ಇರಲಿಲ್ಲ. ನಾನು ಏನೂ ಯೋಚಿಸದೆ, ‘ಭಾಯಿ, ನಿಮ್ಮಾಂವಗ ಕೊನೀತನಕ ಬೋನಸ್ ತಗೊಳಾಕ ಬರ್ಲೇ ಇಲ್ಲ ನೋಡ್ರಿ’ ಎಂದೆ.

ಭಾಯಿ ಕೆಲಸ ನಿಲ್ಲಿಸಿದರು. ಎದ್ದು ಬಾಗಿಲಿಗೆ ಹೋಗಿ ಓಣಿಯ ಎರಡೂ ಕಡೆ ನೋಡಿದರು. ಶಟರನ್ನು ಅರ್ಧ ಕೆಳಗೆಳೆದರು. ಆಮೇಲೆ ತಿರುಗಿ ನಿಂತು, ‘ಏನಂದ್ರಿ? ಇನ್ನೊಮ್ಮೆ ಅನ್ರಿ!’ ಎಂದು ಗುಡುಗಿದರು. ‘ಮೂರು ಮಂದೀನ ಎಳಕೊಂಡು ಬರಾಂವಗ ಬೋನಸ್ ಯಾಕ ಬೇಕ್ರಿ? ಯಾರನ್ನೂ ಮುಟ್ಟದ ಗೆರಿ ದಾಟಿ ಅಂಕ ತಗೊಳ್ಳೋದು, ಭಿಕ್ಷಾ ಬೇಡಾವ್ರ ಕೆಲಸ ಅದು!’

ದೇವರೇ, ಎಂಥಾ ಖುಷಿ! ನಾನೂ ಎದ್ದು ನಿಂತೆ. ಇಬ್ಬರೂ ಮುಖ ಕೆಂಪಗಾಗುವಂತೆ ಕಿರುಚಿದೆವು. ಅವರು ಇಟಗಿಯ ಆಟ ತೆಗೆದರು, ನಾನು ನಮ್ಮವನು ಗೆದ್ದ ಅಳವಂಡಿಯ ಆಟ ತೆಗೆದೆ. ಅವರ ಹಲ್ಲು ಕೆಲವು ಬಿದ್ದಿವೆ, ಬೈಗುಳ ಒಂದೂ ಬಿದ್ದಿಲ್ಲ. ಮೇಜು ಗುದ್ದಿ ಗುದ್ದಿ ಗುಂಡಿಗಳ ಡಬ್ಬಿ ಉರುಳಿ ಗುಂಡಿಗಳೆಲ್ಲ ನೆಲದ ಪಾಲಾದವು.

ಅಷ್ಟರಲ್ಲಿ ಯಾರೋ ಶಟರು ಬಡಿದರು. ಇಬ್ಬರೂ ಸುಮ್ಮನಾದೆವು. ಭಾಯಿ ಕೂದಲು ಸರಿಮಾಡಿಕೊಂಡು ಶಟರು ಎತ್ತಿದರು. ಪ್ಯಾಂಟು ಗಿಡ್ಡ ಮಾಡಿಸಲು ಬಂದ ಒಬ್ಬ ತರುಣ ನಿಂತಿದ್ದ. ಒಳಗೆ ಇಣುಕಿ, ‘ಏನ್ರಿ ಇದು, ಭಾರಿ ಗದ್ಲ ಕೇಳಾಕತ್ತಿತ್ತು?’ ಎಂದ.

‘ಏನಿಲ್ಲಪ್ಪ,’ ಎಂದರು ಭಾಯಿ, ನೆಲದ ಗುಂಡಿ ಆರಿಸುತ್ತ. ‘ಸಾಹೇಬ್ರ ಪ್ಯಾಂಟಿನ ಅಳತಿ ತಪ್ಪಿತ್ತು. ಅದಕ್ಕ ಬೈಯಾಕತ್ತಿದ್ರು.’

ತರುಣ ನನ್ನ ಕಡೆ ನೋಡಿದ. ‘ಹೌದು,’ ಎಂದೆ ನಾನು, ‘ಟೊಂಕದಾಗ ಭಾಳ ಬಿಗಿ ಆಗೈತಿ.’