ಬುವಾಪನ್ ಬರೆದ ‘ಇಲ್ಲ’ಗಳು

ಡಾಕ್ಟರ್ ವಿರಾದಾ ಅವರ ಕೈ ಬುವಾಪನಳ ಬಲ ಪಕ್ಕೆಲುಬಿನ ಕೆಳಗೆ ನಿಂತುಬಿಟ್ಟಿತು. ಸ್ಕ್ಯಾನಿನ ಹಿಡಿಯನ್ನು ಅಲ್ಲೇ ಒತ್ತಿ, ಪರದೆಯನ್ನೇ ನೋಡುತ್ತ ಕೂತರು. ಹೀಗೆ ಕೈ ನಿಂತರೆ ಏನರ್ಥ ಅಂತ ಊರಲ್ಲಿ ಅವಳಷ್ಟು ಬಲ್ಲವರು ಇನ್ನೊಬ್ಬರಿರಲಿಲ್ಲ.

ಹತ್ತೊಂಬತ್ತು ವರ್ಷದಿಂದ ಅವಳು ಚೀ ನದಿ ದಂಡೆಯ ಆ ಊರಿನ ಆರೋಗ್ಯ ಸ್ವಯಂಸೇವಕಿ. ಪಟ್ಟಣದವರು ಲಿವರ್ ಸಂಶೋಧನೆಗೆ ಬಂದಾಗಲೆಲ್ಲ ಜನರನ್ನು ವಿಹಾರದ ಚಾವಡಿಗೆ ಕರೆತಂದು ಫಾರಂ ತುಂಬುವುದು ಅವಳ ಕೆಲಸ. ಮೊದಲ ಪ್ರಶ್ನೆ, ಹಸಿ ಮೀನು ತಿನ್ನುತ್ತೀರಾ? ಹೌದೆಂದವರಿಗೆ ಮಾತ್ರ ಸ್ಕ್ಯಾನು. ನಿಂಬೆರಸ, ಮೆಣಸಿನಪುಡಿ, ಹುರಿದ ಅಕ್ಕಿಪುಡಿ ಹಾಕಿ ಕಲಸಿದ ಹಸಿ ಮೀನಿನ ಕೋಯ್ ಪ್ಲಾ ಬಿಟ್ಟು ಅಲ್ಲಿನ ಗಂಡಸರು ಬದುಕಲಾರರು. ಆ ಮೀನಿನ ಹುಳ ಪಿತ್ತನಾಳದಲ್ಲಿ ಬೀಡುಬಿಟ್ಟು, ವರ್ಷಗಟ್ಟಲೆ ಗಾಯ ಮಾಡಿ, ಕೊನೆಗೆ ಕ್ಯಾನ್ಸರಿಗೆ ದಾರಿ ಮಾಡುತ್ತದೆ. ಅಂಥ ಏಳು ಹೆಣಗಳ ಮುಂದೆ ಅವಳು ಕೂತು ಅತ್ತಿದ್ದಳು. ಅವುಗಳಲ್ಲಿ ಎರಡು ಹೆಂಗಸರವು. ಹಸಿ ಮೀನು ತಿನ್ನದವರಿಗೂ ಹೀಗಾದರೆ ಅದು ಹಣೆಬರಹ ಅಂತ ಊರೇ ಸುಮ್ಮನಾಗಿತ್ತು.

ಅವಳ ಗಂಡ ಖಮ್‌ಸಿಂಗ್ ಮಹಾ ಹಟಮಾರಿ. ಬೈದರೆ, “ನಿಂಬೆಹಣ್ಣು ಹಿಂಡಿದ್ಮೇಲೆ ಮೀನು ಬೆಂದ ಹಾಗೇ ಕಣೇ” ಅನ್ನುವನು. ಇವತ್ತು ಅವನನ್ನು ದರದರ ಎಳೆದು ತಂದಿದ್ದಳು. ಲಿವರಿನಲ್ಲಿ ಸ್ವಲ್ಪ ಕೊಬ್ಬು ಕೂತಿದ್ದು ಬಿಟ್ಟರೆ ಅವನು ಗಟ್ಟಿಯಾಗಿದ್ದ. ಆ ಸಮಾಧಾನದಲ್ಲಿ, ಡಾಕ್ಟರು ತಮಾಷೆಗೆ “ನೀವೂ ಮಲಗಿ” ಅಂದದ್ದಕ್ಕೆ ನಗುತ್ತಲೇ ಮಲಗಿದ್ದಳು.

“ಅಮ್ಮಾ, ಹಸಿ ಮೀನು ಎಷ್ಟು ವರ್ಷದಿಂದ ತಿಂತಿದೀರಿ?”

“ಅಯ್ಯೋ, ನಾನು ತಿನ್ನಲ್ಲ ಡಾಕ್ಟ್ರೇ! ಊರಿಗೆಲ್ಲ ಬೇಡ ಅನ್ನೋಳು ನಾನು.”

“ಮನೇಲಿ ಕಲಸೋದು ಯಾರು?”

“ನಾನೇ. ಇವರಿಗೆ ಬೇರೆಯವರ ಕೈಯಡುಗೆ ಹಿಡಿಸಲ್ಲ.”

“ಉಪ್ಪು ಖಾರ ಸರಿಯಾಗಿದೆ ಅಂತ ಹೇಗೆ ಗೊತ್ತಾಗುತ್ತೆ?”

ಬುವಾಪನ್ ತನ್ನ ತೋರುಬೆರಳನ್ನೇ ನೋಡಿಕೊಂಡಳು. ಮೂವತ್ತು ವರ್ಷ, ಪ್ರತಿ ಸಲವೂ ಬೆರಳ ತುದಿಯಷ್ಟು. ಅದನ್ನು ತಿನ್ನುವುದು ಅಂತ ಅವಳು ಎಂದೂ ಅಂದುಕೊಂಡಿರಲಿಲ್ಲ.

ಪಟ್ಟಣದ ಆಸ್ಪತ್ರೆಯಲ್ಲಿ ದೊಡ್ಡ ಸ್ಕ್ಯಾನ್ ಮಾಡಿ ಹನ್ನೆರಡು ದಿನ ಕಾಯಿಸಿದರು. ಆ ಹನ್ನೆರಡು ದಿನವೂ ಖಮ್‌ಸಿಂಗ್ ಒಂದೇ ಮಾತು ಹೇಳುತ್ತಿದ್ದ.

“ತಿಂದೋನು ನಾನು, ಕಾಯಿಲೆ ನಿನಗೆ. ಇದ್ಯಾವ ನ್ಯಾಯವೇ?”

“ನ್ಯಾಯ ಅಂತ ಹೋದ್ರೆ ಮೊದಲು ನಿಂಗೇ ನಾಲ್ಕು ಬಿಗೀಬೇಕು. ಸುಮ್ನಿರು,” ಅಂದಳು ಬುವಾಪನ್.

ಹದಿಮೂರನೆಯ ಬೆಳಿಗ್ಗೆ ಡಾಕ್ಟರ್ ವಿರಾದಾ ಹೇಳಿದರು, “ಗಡ್ಡೆ ಅಲ್ಲಮ್ಮಾ, ಗಾಯದ ಕಲೆ. ಮಾತ್ರೆ ತಗೊಳ್ಳಿ. ಇನ್ನು ಒಂದು ಚೂರೂ ಬಾಯಿಗೆ ಹೋಗ್ಲಿಲ್ಲ ಅಂದ್ರೆ ಲಿವರ್ ತಾನೇ ರಿಪೇರಿಗೆ ಇಳಿಯುತ್ತೆ. ಆರು ತಿಂಗಳಿಗೊಮ್ಮೆ ನೋಡ್ತಿರೋಣ.”

ಖಮ್‌ಸಿಂಗ್ ಎಲ್ಲರೆದುರೇ ಗೊಳೋ ಎಂದು ಅತ್ತ. ಡಾಕ್ಟರು ಮಾತ್ರ ನಗಲಿಲ್ಲ. ಮೇಜಿನ ಮೇಲೆ ಫಾರಂಗಳ ಕಟ್ಟೊಂದನ್ನು ಇಟ್ಟರು.

“ಅಮ್ಮಾ, ನಿಮ್ಮೂರಿನ ನೂರಾ ನಲವತ್ತು ಹೆಂಗಸರ ಹೆಸರಿನ ಮುಂದೆ ನೀವು ‘ಇಲ್ಲ’ ಅಂತ ಬರೆದಿದೀರಿ. ಕೇಳಿ ಬರೆದ್ರಾ?”

“ಕೇಳಿದೆ. ತಿನ್ನಲ್ಲ ಅಂದ್ರು.”

ಅಂದವಳೇ ಕಟ್ಟನ್ನು ಹತ್ತಿರ ಎಳೆದುಕೊಂಡು ಹಾಳೆ ತಿರುವಿದಳು. ಸತ್ತ ಆ ಇಬ್ಬರು ಹೆಂಗಸರೂ ಊರ ಹಬ್ಬಗಳಿಗೆಲ್ಲ ಕೋಯ್ ಪ್ಲಾ ಕಲಸುತ್ತಿದ್ದವರು. ಅವರ ಹೆಸರಿನ ಮುಂದೆಯೂ ಅವಳೇ ‘ಇಲ್ಲ’ ಅಂತ ಬರೆದಿದ್ದಳು.

ಬಸ್ಸಿಳಿದವಳು ತನ್ನ ಮನೆಗೆ ಹೋಗಲಿಲ್ಲ, ನೇರ ಮಗಳ ಮನೆಗೆ ನಡೆದಳು. ಜಾರೂನೀಗೆ ಮದುವೆಯಾಗಿ ಹತ್ತು ತಿಂಗಳು. ಗಂಡ ಹೊಳೆಯಿಂದ ತಂದ ಮೀನನ್ನು ಕೊಚ್ಚಿ, ಬೋಗುಣಿಯಲ್ಲಿ ಕಲಸುತ್ತ ಕೂತಿದ್ದಳು.

“ಉಪ್ಪು ನೋಡ್ತೀಯೇನೇ ನೀನು?”

“ಇದೇನಮ್ಮಾ ಹೀಗೆ ಕೇಳ್ತೀಯ? ನೋಡದೆ ಬಡಿಸಬಾರದು ಅಂತ ನೀನೇ ಅಲ್ವಾ ಕಲಿಸಿದ್ದು?” ಎನ್ನುತ್ತ ಜಾರೂನೀ ಬೆರಳನ್ನು ಬಾಯಿಗಿಟ್ಟಳು.

ಬುವಾಪನ್ ಓಡಿಹೋಗಿ ಅವಳ ದವಡೆ ಹಿಡಿದಳು.

“ಉಗುಳು! ಉಗುಳೇ ಮೊದಲು!”

ಆ ಕಿರುಚಾಟಕ್ಕೆ ಅಕ್ಕಪಕ್ಕದ ಹೆಂಗಸರೆಲ್ಲ ಅಡುಗೆಮನೆ ಬಿಟ್ಟು ಓಡಿಬಂದರು. ಏನಾಯಿತೆಂದು ಕೇಳುತ್ತ, ಮೀನಿನ ಕೈಯನ್ನು ಉಟ್ಟ ಬಟ್ಟೆಗೆ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತರು. ಬುವಾಪನ್ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಒಬ್ಬೊಬ್ಬರ ಹೆಸರಿನ ಮುಂದೆಯೂ ಅವಳು ‘ಇಲ್ಲ’ ಎಂದೇ ಬರೆದಿದ್ದಳು.