ಕೊಳೆಯ ನೆನಪಿನಿಂದ ಎದ್ದ ಕಮಾನು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹಳೆಯ ಬಸ್ ಡಿಪೋದ ಹಿಂದಿನ ಅಂಗಳದಲ್ಲಿ ಆಗಲೇ ಬಕೆಟ್ಟಿಗೆ ನೀರು ಬೀಳುವ ಸದ್ದು. ಗೋಣಿಚೀಲವನ್ನು ಮಡಚಿ ಮಂಡಿಯ ಕೆಳಗೆ ಇಟ್ಟುಕೊಂಡು, ತೋಳು ಮೇಲೇರಿಸಿ, ಹೆಂಗಸೊಬ್ಬರು ಕಲ್ಲಿನ ಜೊತೆ ಮಾತಾಡುತ್ತಿದ್ದಾರೆ. "ಕಿವಿ ಹಿಂದೆ ನೋಡು, ಎಷ್ಟು ಕೊಳೆ! ಸ್ನಾನ ಮಾಡಿ ಎಷ್ಟು ಕಾಲ ಆಯ್ತೋ ಮಹಾರಾಯ?" ನಾರಿನ ಬ್ರಷ್ಷು ಸರಸರ ಎನ್ನುತ್ತದೆ. ಕಪ್ಪು ನೀರು ಹರಿದು ಹೋದಂತೆ ಅದರಡಿಯಿಂದ ಜೇನುಬಣ್ಣದ ಮುಖವೊಂದು ಮೆಲ್ಲಗೆ ಕಣ್ಣು ಬಿಡುತ್ತದೆ.

ಇವರು ಬ್ರಷ್ಷಕ್ಕ. ಊರಿನ ಹಳೆಯ ಕಟ್ಟಡಗಳ ಕಲ್ಲು ತೊಳೆಯುವವರು. ಈಗ ಅವರ ಮುಂದಿರುವುದು ಹೊಸ್ತಿಲ ಕಲ್ಲು. ಅಂಗಳದಲ್ಲಿ ಉಳಿದಿರುವುದು ಇದೊಂದೇ. ಇದರ ಒಡಹುಟ್ಟುಗಳೆಲ್ಲ ರಸ್ತೆಯಾಚೆ, ಉದ್ಯಾನದ ಬಾಯಲ್ಲಿ ಕಮಾನಾಗಿ ನಿಂತಿವೆ. ನಿಂತಿವೆ ಅನ್ನುವುದಕ್ಕಿಂತ, ಮರದ ಚೌಕಟ್ಟಿನ ಮೇಲೆ ಒರಗಿಕೊಂಡಿವೆ ಅನ್ನುವುದೇ ಸರಿ. ಇವತ್ತು ಬಿಸಿಲೇರುವ ಮುನ್ನ ಆ ಚೌಕಟ್ಟನ್ನು ಇಳಿಸುತ್ತಾರೆ. ಆಮೇಲೆ ಕಮಾನು ತನ್ನ ಕಾಲ ಮೇಲೆ ತಾನು ನಿಲ್ಲಬೇಕು. ನಿಲ್ಲದಿದ್ದರೆ ಅಷ್ಟೂ ಕಲ್ಲು ಹೊಸ ಚರಂಡಿಯ ಬುನಾದಿಗೆ ಹೋಗುತ್ತದೆ. ನಗರಸಭೆಯಲ್ಲಿ ಹಾಗೆಂದೇ ತೀರ್ಮಾನವಾಗಿದೆ.

"ಭಯ ಅಂತ ಅಲ್ಲ. ರಾತ್ರಿ ಮೂರು ಸಲ ಎದ್ದು ಬಂದು ಕಮಾನು ನೋಡಿ ಹೋದೆ, ಅಷ್ಟೇ," ಎಂದು ನಕ್ಕು ಬಕೆಟ್ಟು ಬಗ್ಗಿಸುತ್ತಾರೆ ಬ್ರಷ್ಷಕ್ಕ. ನಿದ್ದೆಗೆಡುವುದಕ್ಕೆ ಕಾರಣವಿದೆ. ಕಮಾನು ಹೀಗೆ ಪರೀಕ್ಷೆಗೆ ಕೂರುವ ಹಾಗೆ ಮಾಡಿದ್ದು ಅವರದೇ ಕೈ.

ಮದುವೆಯಾಗಿ ಬಂದಾಗ ಅವರಿಗೆ ಕಲ್ಲಿನ ಗಂಧಗಾಳಿ ಇರಲಿಲ್ಲ. ಗಂಡ ಕಲ್ಲುಕೆಲಸದ ಮೇಸ್ತ್ರಿ. ಮಧ್ಯಾಹ್ನದ ಬುತ್ತಿ ಕೊಡಲು ಹೋದವರು, ಗಂಡ ಉಣ್ಣುವಷ್ಟು ಹೊತ್ತು ಸುಮ್ಮನೆ ಕೂರಲಾರದೆ ಪಕ್ಕದ ಕಂಬವನ್ನು ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದರು. ಒಂದು ದಿನ ಮಸಿಯಡಿಯಿಂದ ಕೆತ್ತಿದ ಬಳ್ಳಿಯೊಂದು ಹೊರಬಂತು. ಅಲ್ಲಿ ಬಳ್ಳಿ ಇದೆಯೆಂದು ಮೇಸ್ತ್ರಿಗೇ ಗೊತ್ತಿರಲಿಲ್ಲ. "ಅವತ್ತು ಅವರು ಊಟ ಮರೆತರು, ನಾನು ಮನೆ ಮರೆತೆ," ಎನ್ನುತ್ತಾರೆ ಅಕ್ಕ. ಅಲ್ಲಿಂದ ಶುರುವಾದದ್ದು. ನ್ಯಾಯಾಲಯದ ಮೆಟ್ಟಿಲು, ವಾಚನಾಲಯದ ಕಂಬ, ರೈಲು ನಿಲ್ದಾಣದ ಗಡಿಯಾರದ ಗೋಡೆ, ಎಲ್ಲವೂ ಅವರ ಕೈಯಲ್ಲಿ ಮಿಂದಿವೆ.

ಕೆಲಸ ನೋಡಲು ಸುಲಭ, ಮಾಡಲು ಮೈಮುರಿತ. ಒಂದು ಕಲ್ಲಿಗೆ ಹತ್ತಾರು ಬಕೆಟ್ ನೀರು. ಒಂದು ಬ್ರಷ್ಷು ವಾರ ಬಾಳಿದರೆ ಹೆಚ್ಚು. ದಿನಕ್ಕೆ ಎರಡು ಕಲ್ಲು ಮುಗಿದರೆ ಆ ದಿನ ಚೆನ್ನಾಗಿತ್ತು ಎಂದರ್ಥ. ಚಳಿಯಲ್ಲಿ ಬೆರಳು ಬಿರಿಯುತ್ತದೆ. ಮಂಡಿಯಂತೂ ಯಾವಾಗಲೂ ಕಿರಿಕಿರಿ. ಆಸಿಡ್ ಸುರಿದರೆ ಅರ್ಧ ಗಂಟೆಯ ಕೆಲಸ ಎಂದು ಸಲಹೆ ಕೊಡುವವರಿಗೇನೂ ಕಮ್ಮಿಯಿಲ್ಲ. ಅಕ್ಕ ಒಪ್ಪುವುದಿಲ್ಲ. "ತಂತಿ ಬ್ರಷ್ಷೂ ಬೇಡ, ಆಸಿಡ್ಡೂ ಬೇಡ. ಕೊಳೆ ಜೊತೆ ಮುಖಾನೂ ಹೋಗಿಬಿಡುತ್ತೆ. ಮಗು ಕೆನ್ನೆ ಒರೆಸೋಕೆ ಯಾರಾದ್ರೂ ಉಪ್ಪುಕಾಗದ ತಗೋತಾರಾ?"

ನ್ಯಾಯಾಲಯದ ಮೆಟ್ಟಿಲು ಉದ್ಘಾಟನೆಯಾದ ದಿನ, ಕೊನೆಯ ಮೆಟ್ಟಿಲು ಒರೆಸುತ್ತಿದ್ದ ಇವರನ್ನು ಕಾವಲಿನವನು "ಕಾರ್ಪೆಟ್ ಒದ್ದೆ ಮಾಡ್ಬೇಡಮ್ಮ, ಆ ಕಡೆ ಹೋಗು" ಎಂದು ಅಟ್ಟಿದ್ದ. ಆ ಕಥೆಯನ್ನು ಅಕ್ಕ ಅವನ ಮೀಸೆ ಕುಣಿತದ ಸಮೇತ ಅಭಿನಯಿಸಿ ತೋರಿಸುತ್ತಾರೆ. ಬೇಸರವೇನಿಲ್ಲ. "ಕಾರ್ಪೆಟ್ ಒದ್ದೆ ಆಗಿದ್ದು ನಿಜ ತಾನೆ!"

ಇನ್ನು ಕಮಾನಿನ ಕಥೆ. ಧಾನ್ಯದ ಪೇಟೆಗೆ ಹೋಗುವ ಬೀದಿಯ ಬಾಯಲ್ಲಿ ಅದು ಯಾವ ಕಾಲದಿಂದಲೋ ನಿಂತಿತ್ತು. ಲಾರಿಗಳು ಮೈ ಉಜ್ಜಿಕೊಂಡು ಹೋಗುತ್ತಿದ್ದವು. ರಸ್ತೆ ಅಗಲ ಮಾಡುವಾಗ ಒಡೆದು ಹಾಕಿ ಎಂದರು ಕೆಲವರು, ಬೇಡ ಎಂದರು ಕೆಲವರು. ಕೊನೆಗೆ ಕಲ್ಲು ಕಲ್ಲಾಗಿ ಬಿಚ್ಚಿ ಉದ್ಯಾನದ ಬಾಗಿಲಲ್ಲಿ ಮತ್ತೆ ಕಟ್ಟುವುದು ಎಂದಾಯಿತು. ಹೊಣೆ ನಗರಸಭೆಯ ಇಂಜಿನಿಯರಮ್ಮನದು, ಕೆಲಸ ಮೇಸ್ತ್ರಿಯದು, ಸ್ನಾನ ಬ್ರಷ್ಷಕ್ಕನದು.

ಹಳೆಯ ಕಮಾನಿನ ಕಲ್ಲುಗಳು ಅಂಗಡಿಯ ಇಟ್ಟಿಗೆಯಲ್ಲ. ಒಂದೊಂದನ್ನೂ ಅದರ ಅಕ್ಕಪಕ್ಕದವರ ಅಳತೆಗೆ ಕಡೆದಿರುತ್ತಾರೆ. ಜಾಗ ಅದಲು ಬದಲಾದರೆ ಸಂದು ಬಾಯಿ ಬಿಡುತ್ತದೆ, ಭಾರ ತಪ್ಪುತ್ತದೆ. ಅದಕ್ಕೇ ಬಿಚ್ಚುವಾಗ ಮೇಸ್ತ್ರಿ ಪ್ರತಿ ಕಲ್ಲಿನ ಬೆನ್ನಿಗೆ ನೀಲಿ ಬಣ್ಣದಲ್ಲಿ ಗುರುತು ಹಾಕುತ್ತಾರೆ. ಈ ಸಲ ನೀಲಿ ಡಬ್ಬಿ ಒಣಗಿ ಕಲ್ಲಾಗಿತ್ತು. ಅಂಗಡಿಗೆ ಹೋಗಿಬರುವಷ್ಟು ತಾಳ್ಮೆ ಇಲ್ಲದೆ ಪಕ್ಕದಲ್ಲಿದ್ದ ಸುಣ್ಣದ ನೀರಲ್ಲೇ ಬೆರಳದ್ದಿ ಗೀಟು, ಚುಕ್ಕಿ ಎಳೆದುಬಿಟ್ಟರು. ಮರುದಿನ ಜ್ವರ ಬಂದು ಎರಡು ಮೂರು ವಾರ ಮಲಗಿದರು. ಸುಣ್ಣದ ಗುರುತಿನ ವಿಷಯ ಹೆಂಡತಿಗೆ ಹೇಳಲಿಲ್ಲ.

ಬ್ರಷ್ಷಕ್ಕನ ಕಣ್ಣಿಗೆ ಕಲ್ಲಿನ ಮೇಲಿನ ಸುಣ್ಣದ ಕಲೆ ಎಂದರೆ ಹುಟ್ಟುವೈರಿ. ಬಣ್ಣ ಬಳಿಯುವವರು ಚೆಲ್ಲಿ ಹೋದ ಸುಣ್ಣವನ್ನು ತೆಗೆಯುವುದರಲ್ಲೇ ಅವರ ಅರ್ಧ ಆಯಸ್ಸು ಕಳೆದಿದೆ. ನೀಲಿ ಗುರುತು ಕಾಣದಾಗ, ಗಂಡ ಇನ್ನೂ ಗುರುತು ಹಾಕಿಲ್ಲ, ಎದ್ದ ಮೇಲೆ ಹಾಕುತ್ತಾರೆ ಎಂದುಕೊಂಡರು. ಗಂಡ ಹುಷಾರಾಗಿ ಬರುವಷ್ಟರಲ್ಲಿ ಖುಷಿಪಡಿಸೋಣ ಎಂದು, ಹೊಸ್ತಿಲೊಂದನ್ನು ಬಿಟ್ಟು, ಕಲ್ಲುಗಳ ಮುಖ, ಬೆನ್ನು, ಪಕ್ಕೆ ಎಲ್ಲ ಲಕಲಕ ಹೊಳೆಯುವಂತೆ ತೊಳೆದು ಸಾಲಾಗಿ ಒಣಗಿಸಿದರು.

ಮೇಸ್ತ್ರಿ ಶಾಲು ಹೊದ್ದು ಅಂಗಳಕ್ಕೆ ಬಂದರು. ಒಂದು ಕಲ್ಲು ತಿರುಗಿಸಿ ನೋಡಿದರು. ಇನ್ನೊಂದು ತಿರುಗಿಸಿದರು. ಆಮೇಲೆ ಅಲ್ಲೇ ಕೂತರು.

"ಗುರುತು ಎಲ್ಲೇ?"

"ನೀವು ಹಾಕಿದ್ರೆ ತಾನೆ ಇರೋಕೆ!"

"ಸುಣ್ಣದಲ್ಲಿ ಹಾಕಿದ್ದೆ ಕಣೇ!"

"ಸುಣ್ಣದಲ್ಲಾ? ನನ್ನ ಕೈಗೆ ಕೊಡೋ ಕಲ್ಲಿಗೆ ಸುಣ್ಣದಲ್ಲಾ? ಬೆಕ್ಕಿನ ಮುಂದೆ ಹಾಲಿಟ್ಟು ಕಾಯಿ ಅಂದ ಹಾಗಾಯ್ತು. ಒಂದು ಮಾತು ಹೇಳೋಕೆ ಏನಾಗಿತ್ತು?"

"ಒಂದು ಮಾತು ಕೇಳೋಕೆ ನಿಂಗೇನಾಗಿತ್ತು?"

ಈ ಸವಾಲು ಜವಾಬು ಮನೆಯ ತನಕ ಮುಂದುವರಿಯಿತು. ಮನೆಯಲ್ಲಿ ಅತ್ತೆ ಕಾದಿದ್ದರು. ವಿಷಯ ಕೇಳಿ, ಕಾಲು ನೀಡಿ ಕೂತಲ್ಲಿಂದಲೇ ತೀರ್ಪು ಕೊಟ್ಟರು: "ನನ್ನ ಮನೆ ತಪ್ಪಲೆ ತಳ ಒಂದು ದಿನವಾದ್ರೂ ಹೀಗೆ ಬೆಳಗಿದ್ಯೇನೇ ತಾಯಿ?" ಅಕ್ಕನಿಗೆ ನಗು ಬಂತು, ನಗುತ್ತಲೇ ಅಳುವೂ ಬಂತು. "ಯಾರೋ ನಂಬಿ ಮಗು ಕೊಟ್ಟಿದ್ರು, ಸಂತೇಲಿ ಕೈ ಬಿಟ್ಟೆ ಅನ್ನೋ ಹಾಗಾಯ್ತು," ಎಂದು ಈಗಲೂ ಆ ದಿನವನ್ನು ನೆನೆದು ತಲೆ ಕೊಡವುತ್ತಾರೆ.

ಇಂಜಿನಿಯರಮ್ಮ ಬೈಯಲಿಲ್ಲ. ಕಮಾನು ಬಿಚ್ಚುವ ಮೊದಲು ತೆಗೆದಿದ್ದ ಫೋಟೋ ತಂದರು. ಆದರೆ ಫೋಟೋದಲ್ಲಿ ಕಮಾನು ಎಲ್ಲಿದೆ? ಮೇಲಿಂದ ಕೆಳಗಿನ ತನಕ ಪೋಸ್ಟರು. ಸರ್ಕಸ್ಸಿನ ಹುಲಿ, ಕೂದಲಿನ ಎಣ್ಣೆಯ ಜಡೆಯವಳು, ಚುನಾವಣೆಗೆ ನಿಂತು ಸೋತವರ ಮೀಸೆ, ಹಲ್ಲಿನ ಡಾಕ್ಟರ ಬಾಯಗಲದ ನಗು. ಸಂದು ಕಾಣದು, ಕಲ್ಲಿನ ಆಕಾರ ಕಾಣದು. ಮೇಸ್ತ್ರಿ ಫೋಟೋವನ್ನು ತಲೆಕೆಳಗಾಗಿಯೂ ಹಿಡಿದು ನೋಡಿ ಕೈಚೆಲ್ಲಿದರು. "ಇದ್ರಲ್ಲಿ ಏನ್ ನೋಡ್ಲಿ ಮೇಡಂ, ಹುಲೀನಾ?"

ಹಿಂದೆ ನಿಂತಿದ್ದ ಬ್ರಷ್ಷಕ್ಕ ಇಣುಕಿದರು. "ಈ ಹುಲಿ ಬಾಲ ನಂಗೊತ್ತು," ಎಂದರು.

ಎಲ್ಲರೂ ತಿರುಗಿದರು.

"ಬಾಲ ಒಂದು ಕಲ್ಲಲ್ಲಿತ್ತು, ಹಿಂಗಾಲು ಪಕ್ಕದ್ದರಲ್ಲಿ. ಬಾಲದ ಗೋಂದು ಬಿಡೋಕೆ ಬೆಳಗಿಂದ ಮಧ್ಯಾಹ್ನದ ತನಕ ಉಜ್ಜಿದ್ದೀನಿ. ಆ ಕಲ್ಲಿನ ಎಡಗಡೆ ಕೆಳಗೆ ಒಂದು ಕಚ್ಚು ಇದೆ, ಬೆರಳಿಗೆ ತಗಲುತ್ತೆ. ಅಗೋ, ಗೋಡೆ ಪಕ್ಕದ್ದು."

ಕಲ್ಲು ಬಿಚ್ಚುವಾಗ ಪೋಸ್ಟರುಗಳು ಸಂದಿಗೆ ಸರಿಯಾಗಿ ಹರಿದಿದ್ದವು. ಒಂದೊಂದು ಕಲ್ಲೂ ತನ್ನ ಪಾಲಿನ ಚೂರು ಹೊತ್ತುಕೊಂಡೇ ಅಂಗಳಕ್ಕೆ ಬಂದಿತ್ತು. ಆ ಚೂರುಗಳನ್ನೆಲ್ಲ ನೆನೆಸಿ, ಎಬ್ಬಿಸಿ, ಕೆರೆದು ತೆಗೆದದ್ದು ಒಂದೇ ಜೊತೆ ಕೈ. ಕೊಳೆ ಹೋಗಿತ್ತು, ಕೊಳೆಯ ಲೆಕ್ಕ ಆ ಕೈಯಲ್ಲಿ ಉಳಿದಿತ್ತು. ಯಾವ ಕಲ್ಲಿಗೆ ಮೀಸೆಯ ಎಡತುದಿ ಅಂಟಿತ್ತು, ಯಾವುದರ ಮೇಲೆ ಪಾರಿವಾಳ ಕೂತು ಗಲೀಜು ಮಾಡಿತ್ತು, ಲಾರಿಯ ಹೊಗೆ ಎಲ್ಲಿಯ ತನಕ ಏರಿತ್ತು ಎಂಬುದೆಲ್ಲ.

ಮಗಳು ಝೆರಾಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಫೋಟೋವನ್ನು ತುಂಡು ತುಂಡಾಗಿ ದೊಡ್ಡದು ಮಾಡಿಸಿ ತಂದು ಅಂಗಳದ ತುಂಬ ಹಾಸಿದಳು. "ಅಮ್ಮಾ, ಈ ಹಲ್ಲು ಯಾವ ಕಲ್ದು?" ಎಂದು ಅವಳು ಕೂಗುವುದು, ಅಕ್ಕ ಕಣ್ಣು ಮುಚ್ಚಿ ಕಲ್ಲುಗಳ ಮೈ ಸವರುತ್ತ ನಡೆಯುವುದು, "ಇದು... ಇಲ್ಲ ಇಲ್ಲ, ಇದು ಜಡೆ. ಹಲ್ಲು ಇದು!" ಎನ್ನುವುದು, ಮೇಸ್ತ್ರಿ ಅಳತೆ ಹಿಡಿದು ಸರಿಯೆನಿಸಿದರೆ ಈ ಸಲ ಮರೆಯದೆ ನೀಲಿಯಲ್ಲಿ ಗುರುತು ಹಾಕುವುದು. ಹೊಸ ಡಬ್ಬಿಯನ್ನು ಇಂಜಿನಿಯರಮ್ಮನೇ ತಂದುಕೊಟ್ಟಿದ್ದರು. ಬೀದಿಯಲ್ಲಿ ಹೋಗುವವರು ಒಳಗೆ ಇಣುಕಿ, ಸಂಸಾರವೊಂದು ನೆಲದ ಮೇಲೆ ಹಲ್ಲು ಮೀಸೆ ಹುಡುಕುತ್ತಿರುವುದನ್ನು ಕಂಡು ಗಾಬರಿಯಾದದ್ದೂ ಉಂಟು.

ಎಲ್ಲವೂ ಸಲೀಸಾಗಿ ಕೂರಲಿಲ್ಲ. ನೆತ್ತಿಯ ಹತ್ತಿರದ ಒಂದು ಕಲ್ಲಿನ ವಿಷಯದಲ್ಲಿ ಗಂಡಹೆಂಡಿರು ಹಟಕ್ಕೆ ಬಿದ್ದರು. ಜಡೆಯ ಕುಚ್ಚು ಇದ್ದದ್ದು ಇದೇ ಎಂದರು ಮೇಸ್ತ್ರಿ, ಅಳತೆ ತೋರಿಸಿ. ಅಲ್ಲ ಎಂದರು ಅಕ್ಕ. ಮೇಸ್ತ್ರಿ ಹೇಳಿದ್ದನ್ನೇ ಏರಿಸಿದರು. ಸಂದಿನಲ್ಲಿ ಕಿರುಬೆರಳು ತೂರಿತು. ಇಳಿಸಿ, ಅಕ್ಕ ತೋರಿಸಿದ್ದನ್ನು ಏರಿಸಿದರು. ಅದು ಜಾರಿ, ಟಕ್ ಎಂದು ಕೂತಿತು. ಆದರೆ ಅದಕ್ಕೂ ಮೊದಲು ಅಕ್ಕ ಹಟ ಹಿಡಿದು ಕೂರಿಸಿದ ಇನ್ನೊಂದು ಕಲ್ಲು ತಪ್ಪಾಗಿ, ಅರ್ಧ ದಿನದ ಕೆಲಸ ಬಿಚ್ಚಬೇಕಾಗಿ ಬಂದಿತ್ತು. ಹಾಗಾಗಿ ಮನೆಯಲ್ಲಿ ಸದ್ಯ ಸರಿಸಮ.

ಇವತ್ತು ಆ ಜಗಳಗಳಿಗೆಲ್ಲ ಉತ್ತರ ಸಿಗುವ ಬೆಳಗು. ಹೊಸ್ತಿಲ ಕಲ್ಲು ಕೈಗಾಡಿಯಲ್ಲಿ ರಸ್ತೆ ದಾಟಿ ತನ್ನ ಜಾಗದಲ್ಲಿ ಮಲಗಿತು. ಅತ್ತೆಯೂ ಬಂದು ಉದ್ಯಾನದ ಬೆಂಚಿನ ಮೇಲೆ ಕೂತಿದ್ದಾರೆ, ಸೊಸೆಗೆ ಬೈಯುವ ಸಂದರ್ಭ ಬಂದರೆ ಹತ್ತಿರದಲ್ಲಿರಲಿ ಎಂದು. ಚೌಕಟ್ಟಿನ ಕೆಳಗೆ ಬಿಗಿದಿದ್ದ ಮರದ ಬೆಣೆಗಳನ್ನು ಮೇಸ್ತ್ರಿ ಪಕ್ಕದಿಂದ ಒಂದೊಂದಾಗಿ ತಟ್ಟಿ ಸಡಿಲಿಸುತ್ತಾರೆ. ಟಕ್. ಟಕ್. ಚೌಕಟ್ಟು ಒಂದು ಬೆರಳಿನಷ್ಟು ಇಳಿಯುತ್ತದೆ. ಕಮಾನಿನೊಳಗಿಂದ ಮುದುಕರು ಕುರ್ಚಿಯಿಂದ ಏಳುವಾಗ ಬರುವಂಥ ಸದ್ದು ಬರುತ್ತದೆ. ಹಿಡಿಯಷ್ಟು ಪುಡಿ ಉದುರುತ್ತದೆ. ಮಗಳು ಅಜ್ಜಿಯ ಕೈ ಗಟ್ಟಿಯಾಗಿ ಹಿಡಿದಿದ್ದಾಳೆ.

ಸದ್ದು ನಿಲ್ಲುತ್ತದೆ. ಕಲ್ಲಿಗೂ ಚೌಕಟ್ಟಿಗೂ ನಡುವೆ ಬೆಳಕಿನ ಗೆರೆಯೊಂದು ಆ ತುದಿಯಿಂದ ಈ ತುದಿಗೆ ಹರಿದಿದೆ. ಇಂಜಿನಿಯರಮ್ಮ ಬಗ್ಗಿ, ಎದ್ದು, ಮತ್ತೆ ಬಗ್ಗಿ ನೋಡುತ್ತಾರೆ. ತುಂಬ ಹೊತ್ತು ಕಾಯಿಸುತ್ತಾರೆ. ಕೊನೆಗೆ ಚೌಕಟ್ಟು ಎಳೆಯಬಹುದು ಎಂದು ತಲೆಯಾಡಿಸುತ್ತಾರೆ. ಎಳೆಯಲು ಒಬ್ಬರು ಕಮಾನಿನ ಅಡಿಗೆ ಹೋಗಬೇಕು.

ಮೇಸ್ತ್ರಿ ಹೆಜ್ಜೆ ಎತ್ತುವಷ್ಟರಲ್ಲಿ ಬ್ರಷ್ಷಕ್ಕ ಮುಂದೆ ಬಂದಾಗಿದೆ. "ನೀವಿರಿ. ಗುರುತು ಅಳಿಸಿದ್ದು ನಾನು. ನಾನೇ ಹೋಗ್ತೀನಿ."

"ಹುಚ್ಚು ಹಿಡೀತಾ? ಕಟ್ಟಿದ್ದು ನಾನು ಕಣೇ!"

"ಕಟ್ಟಿದ್ದು ನೀವು, ಯಾವ ಕಲ್ಲು ಎಲ್ಲಿಗೆ ಅಂತ ಹೇಳಿದ್ದು ಯಾರು?"

ಇಂಜಿನಿಯರಮ್ಮ ತಮ್ಮ ಹೆಲ್ಮೆಟ್ಟು ತೆಗೆದು ಅಕ್ಕನ ತಲೆಗಿಡುತ್ತಾರೆ. ಅದು ಕಣ್ಣಿನ ತನಕ ಇಳಿಯುತ್ತದೆ. ಹೆಲ್ಮೆಟ್ಟನ್ನು ಒಂದು ಕೈಯಲ್ಲಿ ಎತ್ತಿ ಹಿಡಿದು ಅಕ್ಕ ಒಂದು ಕಡೆ, "ಒಬ್ಬಳನ್ನೇ ಬಿಟ್ರೆ ಆಮೇಲೆ ಜೀವನಪೂರ್ತಿ ಕೇಳಬೇಕು" ಎಂದು ಗೊಣಗುತ್ತ ಮೇಸ್ತ್ರಿ ಇನ್ನೊಂದು ಕಡೆ, ಚೌಕಟ್ಟನ್ನು ಎಳೆಯುತ್ತ ಹೊರಬರುತ್ತಾರೆ. ಹಿಂದೆ ಕಮಾನು ಒಂಟಿಯಾಗಿ ನಿಂತಿದೆ. ಯಾರೂ ಚಪ್ಪಾಳೆ ತಟ್ಟುವುದಿಲ್ಲ. ತಟ್ಟಿದರೆ ಬಿದ್ದೀತು ಎಂಬ ಹೆದರಿಕೆಯಿರಬೇಕು. ಅತ್ತೆ ಮಾತ್ರ ಬೆಂಚಿನಿಂದಲೇ ಹೇಳುತ್ತಾರೆ: "ಸರಿ, ಇನ್ನಾದ್ರೂ ಮನೇಗ್ ಬಂದು ಆ ತಪ್ಪಲೆ ನೋಡು."

ಜನರನ್ನು ತಡೆಯಲು ಕಟ್ಟಿದ್ದ ಹಗ್ಗ ಬಿಚ್ಚಿದ ಸ್ವಲ್ಪ ಹೊತ್ತಿಗೇ ಜನ ಓಡಾಡತೊಡಗುತ್ತಾರೆ. ಫೋನು ಕಿವಿಗಿಟ್ಟವನೊಬ್ಬ ಕಮಾನಿನ ಕೆಳಗೆ ಹಾದು ಹೋಗುತ್ತಾನೆ. ತಳ್ಳುಗಾಡಿಯಲ್ಲಿ ಮಗು ಕೂರಿಸಿಕೊಂಡ ತಾಯಿ ಹೋಗುತ್ತಾಳೆ. ಇಬ್ಬರು ಮುದುಕರು ಯಾರನ್ನೋ ಬೈಯುತ್ತ ಹೋಗುತ್ತಾರೆ. ಮಗಳಿಗೆ ಸಿಟ್ಟು. "ಅಮ್ಮಾ, ನೋಡು. ಒಬ್ಬರಾದ್ರೂ ತಲೆ ಎತ್ತಿ ನೋಡಿದ್ರಾ?"

ಬ್ರಷ್ಷಕ್ಕ ಹೊಸ್ತಿಲ ಪಕ್ಕದಲ್ಲೇ ಕೂತು ಬಿರಿದ ಬೆರಳಿಗೆ ಎಣ್ಣೆ ಸವರಿಕೊಳ್ಳುತ್ತಿದ್ದಾರೆ. ಹಾದು ಹೋಗುವವರನ್ನು ಕಣ್ತುಂಬ ನೋಡುತ್ತಾರೆ.

"ನೋಡದೇ ಇರ್ಲಿ ಬಿಡೇ, ಅದೇ ಬೇಕಾಗಿದ್ದು ನಂಗೆ. ತಲೆ ಮೇಲಿಂದು ಬೀಳಲ್ಲ ಅಂತ ನಂಬಿಕೆ ಇದ್ದೋರು ತಾನೆ ಹೀಗೆ ಮಾತಾಡ್ಕೊಂಡು ಹೋಗೋದು!"